ಎಲೆ ಅಡಿಕೆ ಕೊಟ್ಟಾಗ ಎದ್ದು ನಿಂತೆ

ದಾವಣಗೆರೆಯ ಓದುಗ ಗೆಳೆಯರು ಕಳೆದ ತಿಂಗಳು ನನ್ನನ್ನು ಕರೆದು, ಕಾಣದ ಸೀಮೆಗೆ ಹೋದಾಗ ಮನಸ್ಸಿಗೆ ಆಗುವ ಆಘಾತದ ಬಗ್ಗೆ ಮಾತನಾಡಲು ಕೇಳಿದ್ದರು. ಆ ದಿನ ಒಂದು ಗಂಟೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ಸಮಯ ಸಾಲದೆ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಸೇರಿಸಿದ್ದೇನೆ, ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ.

ನಾನು ಹೋಗಿದ್ದು ಮೇಘಾಲಯಕ್ಕೆ, 2023ರ ಜೂನ್ ತಿಂಗಳಲ್ಲಿ. ನನ್ನಲ್ಲಿ ಓದಿದ ಹುಡುಗಿಯೊಬ್ಬಳಿಗೆ ಶಿಲ್ಲಾಂಗಿಗೆ ವರ್ಗವಾಗಿತ್ತು. ನಿವೃತ್ತರಾಗಿದ್ದೀರಿ, ಇನ್ನು ಯಾವ ನೆಪ ಹೇಳುತ್ತೀರಿ ಎಂದು ಆಕೆ ಹಟ ಹಿಡಿದಳು. ಬೆಂಗಳೂರಿನಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ಸುಮಾರು 100 ಕಿಲೋಮೀಟರ್ ಘಟ್ಟದ ರಸ್ತೆ. ಶಿಲ್ಲಾಂಗಿನಲ್ಲಿ ಎರಡು ದಿನ ಇದ್ದು, ಚಿರಾಪುಂಜಿಗೆ ಹೋಗಿ ಖಾಸಿ ಬುಡಕಟ್ಟಿನ ಕುಟುಂಬವೊಂದರ ಮನೆಯಲ್ಲಿ ಹತ್ತು ದಿನ ಉಳಿದೆ. ಅಲ್ಲಿಯವರು ತಮ್ಮ ಊರನ್ನು ಸೊಹ್ರಾ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಮನೆಯೊಡತಿ ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವರು. ಆದರೂ ನಾನು ಅವರನ್ನು ಕಾಂಗ್ ಎಂದು ಕರೆಯುತ್ತಿದ್ದೆ. ಖಾಸಿಯಲ್ಲಿ ಅಕ್ಕನನ್ನು ಕರೆಯುವ ಮಾತು ಅದು. ನಾವು ಅಂಗಡಿಯಲ್ಲಿ, ಬಸ್ಸಿನಲ್ಲಿ ಕಂಡ ಹೆಂಗಸರನ್ನೆಲ್ಲ ಅಕ್ಕ ಎನ್ನುವ ಹಾಗೆ ಅವರೂ ಎನ್ನುತ್ತಾರೆ.

ಆ ಮನೆಗೆ ಕಾಲಿಟ್ಟ ಮೊದಲ ಹತ್ತು ನಿಮಿಷದಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಮಳೆಯಲ್ಲಿ ನೆನೆದು ಬಂದಿದ್ದೆ. ಒಳಗೆ ಕೂರಿಸಿದರು, ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಇನ್ನೂ ಒಂದು ಗುಟುಕು ನೀರು ಕುಡಿದಿರಲಿಲ್ಲ, ಅಷ್ಟರಲ್ಲಿ ಕಾಂಗ್ ಸಣ್ಣ ಬುಟ್ಟಿಯೊಂದನ್ನು ತಂದು ನನ್ನ ಮುಂದೆ ಹಿಡಿದರು. ಅದರಲ್ಲಿ ಸುಣ್ಣ ಸವರಿ ಮಡಿಸಿದ ವೀಳ್ಯದೆಲೆ ಮತ್ತು ಹೋಳು ಮಾಡಿದ ಹಸಿ ಅಡಿಕೆ ಇದ್ದವು. ನಾನು ಎಲೆ ಅಡಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ, ಕಣ್ಣಿಗೆ ಒತ್ತಿಕೊಂಡೆ, ಎದ್ದು ನಿಂತೆ. ಚೀಲದ ಕಡೆಗೆ ಕೈ ಹೋಗಿತ್ತು.

ಸಭೆಯಲ್ಲಿ ಇದನ್ನು ಹೇಳಿದಾಗ ಹೆಂಗಸರೆಲ್ಲ ತಕ್ಷಣ ತಲೆಯಾಡಿಸಿದರು, ಗಂಡಸರು ಅರೆಗಳಿಗೆ ತಡೆದರು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳಿಗೆ ಅರಿಶಿಣ ಕುಂಕುಮ ಹಚ್ಚಿ ಎಲೆ ಅಡಿಕೆ ಕೊಡುವುದು ಆಕೆ ಹೊರಡುವಾಗ. ಮಾತು ಮುಗಿದಿದೆ, ಊಟ ಆಗಿದೆ, ಇನ್ನು ಹೋಗಿ ಬನ್ನಿ ಎಂಬುದನ್ನು ಬಾಯಿಬಿಟ್ಟು ಹೇಳದೆ ಗೌರವದಿಂದ ಹೇಳುವ ಬಗೆ ಅದು. ನಲವತ್ತು ವರ್ಷದ ಸಂಸಾರದಲ್ಲಿ ಸಾವಿರಾರು ಸಲ ಹಾಗೆ ಕೊಟ್ಟಿದ್ದೇನೆ, ಹಾಗೆ ತೆಗೆದುಕೊಂಡಿದ್ದೇನೆ. ಆದ್ದರಿಂದ ಸೊಹ್ರಾದ ಆ ಮನೆಯಲ್ಲಿ, ಹೊರಗೆ ಸುರಿಯುತ್ತಿದ್ದ ಮಳೆಯಲ್ಲಿ, ಬಂದ ಹತ್ತು ನಿಮಿಷಕ್ಕೇ ನನ್ನನ್ನು ಹೊರಡಿಸುತ್ತಿದ್ದಾರೆ ಎಂದು ನನ್ನ ಮೈ ತಿಳಿದುಕೊಂಡಿತು. ನಾನು ಯೋಚಿಸುವ ಮೊದಲೇ ಕಾಲು ಎದ್ದಿತ್ತು. ಕಾಂಗ್ ಅವರ ಮುಖದಲ್ಲಿ ನೋವು ಕಾಣಿಸಿತು. ಅವರ ಲೆಕ್ಕದಲ್ಲಿ ಬಾಗಿಲಲ್ಲಿ ಕೊಡುವ ಅಡಿಕೆ ‘ನೀವು ಈಗ ನಮ್ಮ ಮನೆಯವರು’ ಎಂಬ ಮೊದಲ ಮಾತು. ಅದನ್ನು ಕೈಯಲ್ಲಿ ಹಿಡಿದು ಅತಿಥಿಯೊಬ್ಬಳು ಎದ್ದು ಹೊರಟರೆ ಆ ಮನೆಗೆ ಏನೆನ್ನಿಸಬೇಡ? ನನ್ನ ಶಿಷ್ಯೆ ಜೊತೆಗಿಲ್ಲದಿದ್ದರೆ ಆ ಗಂಟು ಬಿಡಿಸಲು ಎಷ್ಟು ಹೊತ್ತಾಗುತ್ತಿತ್ತೋ.

ಇಂಥ ಅನುಭವಕ್ಕೆ ‘ಕಲ್ಚರ್ ಶಾಕ್’ ಎಂಬ ಹೆಸರು ರೂಢಿಯಾದದ್ದು ಮಾನವಶಾಸ್ತ್ರಜ್ಞ ಕಲೆರ್ವೊ ಒಬೆರ್ಗ್ ಅವರಿಂದ. 1954ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ, ಪರದೇಶದಲ್ಲಿ ಸಂಸಾರ ಹೂಡಿದವರ ಮುಂದೆ ಮಾಡಿದ ಭಾಷಣವೊಂದರಲ್ಲಿ ಅವರು ಅದನ್ನು ವಿವರಿಸಿದರು. ಯಾವಾಗ ಕೈ ಕುಲುಕಬೇಕು, ಕರೆದಾಗ ಹೋಗಬೇಕೋ ಬೇಡವೋ, ಯಾವ ಮಾತನ್ನು ನಿಜವೆಂದು ತೆಗೆದುಕೊಳ್ಳಬೇಕು, ಹೀಗೆ ದಿನದ ಬದುಕನ್ನು ನಡೆಸುವ ನೂರಾರು ಸಣ್ಣ ಗುರುತುಗಳು ಕಳೆದುಹೋದಾಗ ಹುಟ್ಟುವ ಕಳವಳವೇ ಅದು ಎಂಬುದು ಅವರ ವಿವರಣೆ. ನಮ್ಮ ಪಠ್ಯಗಳಲ್ಲಿ ಅದನ್ನು ‘ಸಾಂಸ್ಕೃತಿಕ ಆಘಾತ’ ಎಂದು ಅನುವಾದಿಸುತ್ತೇವೆ. ನನಗೆ ಆ ಮಾತು ಒಗ್ಗುವುದಿಲ್ಲ. ಆಘಾತ ಎಂದರೆ ಹೊರಗಿನಿಂದ ಬಂದು ಬೀಳುವ ಏಟು. ನನಗೆ ಆದದ್ದು ತಬ್ಬಿಬ್ಬು, ಅದು ಒಳಗಿನದು. ಇನ್ನೊಂದು ಮಾತಿನಲ್ಲಿಯೂ ನನ್ನ ಅನುಭವ ಒಬೆರ್ಗ್ ಅವರ ವಿವರಣೆಗಿಂತ ಬೇರೆ. ನನ್ನ ಗುರುತುಗಳು ಕಳೆದುಹೋಗಿರಲಿಲ್ಲ. ಅಡಿಕೆ ಅಲ್ಲಿಯೇ ಇತ್ತು, ಎಲೆ ಇತ್ತು, ಸುಣ್ಣ ಇತ್ತು. ಅವು ಬೇರೆ ಕಡೆಗೆ ಕೈ ತೋರಿಸುತ್ತಿದ್ದವು. ಪೂರಾ ಅಪರಿಚಿತವಾದದ್ದರ ಮುಂದೆ ಮನುಷ್ಯ ಎಚ್ಚರದಿಂದಿರುತ್ತಾನೆ, ಕೇಳಿ ತಿಳಿದುಕೊಳ್ಳುತ್ತಾನೆ. ನಮ್ಮದೇ ವಸ್ತು ಬೇರೆ ಅರ್ಥ ಹೊತ್ತು ಎದುರು ನಿಂತಾಗ ಕೇಳಬೇಕು ಎಂಬುದೇ ಹೊಳೆಯುವುದಿಲ್ಲ.

ಊಟದ ವಿಷಯವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ, ಏಕೆಂದರೆ ಸಭೆಯಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಅದೇ. ಹಂದಿಮಾಂಸದ ಜೊತೆ ಬೇಯಿಸಿದ ಜಾದೊಹ್ ಎಂಬ ಅನ್ನ, ಒಣಮೀನಿನ ತುಂಗ್‌ತಾಪ್ ಚಟ್ನಿ, ಹುದುಗಿಸಿದ ಸೋಯಾ ಕಾಳಿನ ತುಂಗ್‌ರಿಂಬಾಯ್, ಇವೆಲ್ಲ ಅಲ್ಲಿಯ ನಿತ್ಯದ ಅಡುಗೆ. ನಾನು ಮಾಂಸ ತಿನ್ನುವವಳಲ್ಲ. ಹೋಗುವ ಮೊದಲೇ ಇದೆಲ್ಲ ಗೊತ್ತಿತ್ತು. ಹೇಳಿದೆ, ಅವರು ಅನ್ನ, ಬೇಳೆ, ಆಲೂಗಡ್ಡೆ, ಸೊಪ್ಪು ಮಾಡಿಕೊಟ್ಟರು, ನಾನು ಒಯ್ದಿದ್ದ ಶೇಂಗಾ ಚಟ್ನಿಪುಡಿಯನ್ನು ಮನೆಯವರೆಲ್ಲ ಹಂಚಿಕೊಂಡರು. ಒಂದೇ ಒಲೆಯ ಸುತ್ತ ಕೂತು ಅವರು ಅವರದನ್ನು ನಾನು ನನ್ನದನ್ನು ಉಂಡೆವು. ತಬ್ಬಿಬ್ಬಾಗಲು ಅಲ್ಲಿ ಏನೂ ಇರಲಿಲ್ಲ.

ಅಡಿಕೆಗೆ ಮರಳುತ್ತೇನೆ. ನಾನು ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಬರದ ಊರಿನಲ್ಲಿ, ಸೊಸೆಯಾಗಿ ಬಂದದ್ದು ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟದ ಮನೆಗೆ. ಕೊನೆ ಇಳಿಸುವುದು, ಸುಲಿಯುವುದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುವುದು, ಅಂಗಳದಲ್ಲಿ ಒಣಹಾಕಿ ಮೋಡ ಕಂಡರೆ ಓಡುವುದು, ಇವೆಲ್ಲ ನನ್ನ ಕೈಗೆ ಗೊತ್ತು. ಚನ್ನಗಿರಿಯಲ್ಲಿ ಅಡಿಕೆ ಎಂದರೆ ಮೊದಲು ಕ್ವಿಂಟಲ್, ಆಮೇಲೆ ರೇಟು. ಮಗಳ ಮದುವೆ ಈ ವರ್ಷವೋ ಬರುವ ವರ್ಷವೋ ಎಂಬುದನ್ನು ರಾಶಿ ಅಡಿಕೆಯ ಧಾರಣೆ ತೀರ್ಮಾನಿಸುತ್ತದೆ. ಇಂಥ ಮನೆಯವಳಾದ ನಾನು ಸೊಹ್ರಾದ ಒಂದು ಹೋಳು ಅಡಿಕೆಯನ್ನು ಧೈರ್ಯವಾಗಿ ಬಾಯಿಗೆ ಹಾಕಿಕೊಂಡೆ. ಅಲ್ಲಿಯವರು ಅದನ್ನು ಬೇಯಿಸುವುದಿಲ್ಲ; ಹಸಿಯಾಗಿ, ಇಲ್ಲವೇ ಸಿಪ್ಪೆಯೊಡನೆಯೇ ಬಹಳ ದಿನ ನೀರಿನಲ್ಲಿ ನೆನೆಸಿಟ್ಟು ಹದ ಮಾಡಿ ತಿನ್ನುತ್ತಾರೆ. ಅರೆ ನಿಮಿಷದಲ್ಲಿ ಕಿವಿ ಕಾದಿತು, ಎದೆ ಹೊಡೆದುಕೊಂಡಿತು, ಆ ಚಳಿಯಲ್ಲಿಯೂ ಹಣೆ ಬೆವರಿತು. ಗೋಡೆ ಹಿಡಿದು ಕೂತೆ. ಚಳಿಯ ಮಲೆಯಲ್ಲಿ ಮೈ ಬಿಸಿ ಮಾಡಿಕೊಳ್ಳುವ ದಾರಿಯೂ ಅದೇ ಎಂದು ಮನೆಯವರು ಹೇಳಿದರು. ಅಡಿಕೆ ಅಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬ ಎಚ್ಚರಿಕೆ ಅಲ್ಲಿಯ ಆಸ್ಪತ್ರೆಗಳಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಅಡಿಕೆಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ನಾನು ಅದನ್ನು ಮರೆಮಾಚಿ ಮಾತನಾಡಲಾರೆ.

ಅವರು ಇದನ್ನು ಕ್ವಾಯ್ ಎನ್ನುತ್ತಾರೆ, ಅದಕ್ಕೊಂದು ಕಥೆಯಿದೆ. ಒಬ್ಬ ಸಿರಿವಂತ, ಒಬ್ಬ ಬಡವ, ಇಬ್ಬರೂ ಗೆಳೆಯರು. ಸಿರಿವಂತ ಗೆಳೆಯ ಮನೆಗೆ ಬಂದ ದಿನ ಬಡವನ ಮನೆಯಲ್ಲಿ ಒಂದು ಹಿಡಿ ಅಕ್ಕಿಯಿಲ್ಲ, ಸಾಲವೂ ಹುಟ್ಟಲಿಲ್ಲ. ಬರಿಗೈಯಲ್ಲಿ ಅತಿಥಿಯ ಮುಂದೆ ನಿಲ್ಲಲಾರದೆ ಗಂಡ ಹೆಂಡಿರಿಬ್ಬರೂ ಪ್ರಾಣ ಬಿಟ್ಟರು. ಅದನ್ನು ಕಂಡ ಗೆಳೆಯನೂ ಬಿಟ್ಟ. ಅದೇ ರಾತ್ರಿ ಆ ಮನೆಯಲ್ಲಿ ಅಡಗಿದ್ದ ಕಳ್ಳನೊಬ್ಬ, ಕೊಲೆಯ ಆರೋಪ ತನ್ನ ಮೇಲೆ ಬರುತ್ತದೆಂದು ಹೆದರಿ ತಾನೂ ಸತ್ತ. ಆಗ ದೇವರು ಅವರನ್ನು ಅಡಿಕೆಯನ್ನಾಗಿ, ಎಲೆಯನ್ನಾಗಿ, ಸುಣ್ಣವನ್ನಾಗಿ, ತಂಬಾಕನ್ನಾಗಿ ಮಾಡಿದ, ಇನ್ನು ಮುಂದೆ ಎಂಥ ಬಡವನೂ ಬಾಗಿಲಿಗೆ ಬಂದವರಿಗೆ ಕೊಡಲು ಏನಾದರೂ ಇರಲಿ ಎಂದು. ಹಿಂದೆ ಅಲ್ಲಿ ದಾರಿಯ ದೂರವನ್ನು ಎಷ್ಟು ಕ್ವಾಯ್ ಅಗಿಯುವಷ್ಟು ಎಂದು ಅಳೆಯುತ್ತಿದ್ದರು. ತೀರಿಕೊಂಡವರ ಬಗ್ಗೆ ಮಾತನಾಡುವಾಗ, ಅವರೀಗ ದೇವರ ಬಾಗಿಲಲ್ಲಿ ಕ್ವಾಯ್ ತಿನ್ನುತ್ತಿದ್ದಾರೆ ಎನ್ನುತ್ತಾರೆ. ಈ ಮಾತು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೂಟೆ ಮೂಟೆ ಅಡಿಕೆ ತೂಗಿದ ನಮ್ಮ ಮನೆಯಲ್ಲಿ ಅಡಿಕೆಯ ಬಗ್ಗೆ ಒಂದು ಕಥೆಯನ್ನೂ ನಾನು ಕೇಳಿರಲಿಲ್ಲ. ನನ್ನ ಅತ್ತೆಗೆ ಗೊತ್ತಿತ್ತೇನೋ. ಕೇಳುವುದಕ್ಕೆ ಈಗ ಅವರಿಲ್ಲ.

ಎರಡನೆಯ ತಬ್ಬಿಬ್ಬು ಮಳೆಯದು. ಸೊಹ್ರಾದಲ್ಲಿ 1860ರ ಆಗಸ್ಟಿನಿಂದ 1861ರ ಜುಲೈವರೆಗೆ ಬಿದ್ದ ಮಳೆ 26,461 ಮಿಲಿಮೀಟರ್. ಒಂದು ವರ್ಷದ ಮಳೆಯಲ್ಲಿ ಅದು ಇಂದಿಗೂ ಜಗತ್ತಿನ ದಾಖಲೆ. ಪಕ್ಕದ ಮಾಸಿನ್‌ರಾಮಿನಲ್ಲಿ ವರ್ಷದ ಸರಾಸರಿಯೇ 11,000 ಮಿಲಿಮೀಟರ್ ಮೀರುತ್ತದೆ. ಚಳ್ಳಕೆರೆಯ ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ. ನಾನು ಚಿಕ್ಕವಳಿದ್ದಾಗ ಮಳೆ ಹೋದ ವರ್ಷ ಹುಡುಗರು ಮಣ್ಣಿನ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಿದ್ದರು, ಹೆಂಗಸರು ಕೊಡದ ತಳದಲ್ಲಿದ್ದ ನೀರನ್ನೇ ಅವನ ಮೇಲೆ ಸುರಿಯುತ್ತಿದ್ದರು. ನಾವು ಮಾರಿಕಣಿವೆ ಎನ್ನುವ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಆ ವಾರ ಜಿಲ್ಲೆಯ ಮೂಲೆಮೂಲೆಯಿಂದ ಜನ ಮಕ್ಕಳುಮರಿ ಕಟ್ಟಿಕೊಂಡು ಮಾರಿಕಣಿವೆಗೆ ಹೋದರು. ನಾನೂ ಹೋಗಿದ್ದೆ. ಹರಿಯುವ ನೀರನ್ನು ನೋಡುತ್ತ ಮುದುಕರು ಸುಮ್ಮನೆ ಕೈ ಮುಗಿದು ನಿಂತಿದ್ದರು.

ಇಂಥ ಸೀಮೆಯವಳು ಮಳೆಯನ್ನು ಮಾತನಾಡುವುದು ಒಂದೇ ಬಗೆಯಲ್ಲಿ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ. ಮನೆಗೆ ಬಂದ ನೆಂಟರ ಹಿಂದೆ ಮಳೆ ಬಂದರೆ ಅವರ ಕಾಲ್ಗುಣ ಒಳ್ಳೆಯದು. ಸೊಹ್ರಾದಲ್ಲಿ ನಾನಿದ್ದ ಮೂರನೆಯ ದಿನ, ಇಡೀ ರಾತ್ರಿ ಸುರಿದು ಬೆಳಗ್ಗೆಯೂ ಸುರಿಯುತ್ತಿದ್ದಾಗ, ಎಂಥ ಒಳ್ಳೆಯ ಮಳೆ, ನಿಮ್ಮ ಪುಣ್ಯ ಎಂದು ಕಾಂಗ್ ಅವರಿಗೆ ಮನಸಾರೆ ಹೇಳಿದೆ. ಅವರು ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಹಿಂದಿನ ವರ್ಷದ ಜೂನಿನಲ್ಲಿ ಮಳೆಗೆ ಗುಡ್ಡ ಕುಸಿದು ಅವರ ಬಂಧುವೊಬ್ಬರ ಮನೆ ಹೋಗಿತ್ತು ಎಂದು ಸಂಜೆ ಶಿಷ್ಯೆ ತಿಳಿಸಿದಳು. ಒಳ್ಳೆಯ ಮಳೆ ಎಂಬ ಎರಡು ಮಾತು ನನ್ನ ಬಾಯಿಯಲ್ಲಿ ಹರಕೆ. ಅವರ ಕಿವಿಯಲ್ಲಿ ಅದು ಏನಾಗಿ ಬಿದ್ದಿತೋ ಎಂದು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಮಾರನೆಯ ದಿನ ಕ್ಷಮೆ ಕೇಳಿದೆ. ನೀವು ನೀರಿಲ್ಲದ ಊರಿನವರು, ನನಗೆ ಅರ್ಥವಾಯಿತು ಎಂದರು.

ಅವರಿಗೆ ಅರ್ಥವಾದದ್ದು ಹೇಗೆ ಎಂಬುದು ಆಮೇಲೆ ತಿಳಿಯಿತು. ಮನೆಯ ಹಿತ್ತಿಲಲ್ಲಿ ಸಾಲಾಗಿ ಇಟ್ಟಿದ್ದ ಡ್ರಮ್ಮುಗಳನ್ನು ತೋರಿಸಿ, ಜನವರಿ ಬಂದರೆ ನಾವೂ ನೀರನ್ನು ಕೊಂಡು ತರುತ್ತೇವೆ ಎಂದರು. ಜಗತ್ತಿನ ಅತಿ ಹೆಚ್ಚು ಮಳೆಯ ಊರುಗಳಲ್ಲಿ ಒಂದಾದ ಇಲ್ಲಿ ಚಳಿಗಾಲಕ್ಕೆ ಕುಡಿಯುವ ನೀರಿಲ್ಲ. ಮೇಲ್ಮಣ್ಣು ಕೊಚ್ಚಿಹೋಗಿದೆ, ಕಾಡು ಬೋಳಾಗಿದೆ, ಕೆಳಗಿರುವುದು ಸುಣ್ಣಕಲ್ಲು ಮತ್ತು ಮರಳುಗಲ್ಲು. ಬಿದ್ದ ನೀರು ಕಡಿದಾದ ಕಮರಿಗಳಲ್ಲಿ ಇಳಿದು ಆ ದಿನವೇ ಬಾಂಗ್ಲಾದೇಶದ ಬಯಲಿಗೆ ಓಡಿಹೋಗುತ್ತದೆ. ಬೇಸಿಗೆಯಲ್ಲಿ ನಮ್ಮೂರಿಗೆ ಟ್ಯಾಂಕರ್ ಬಂದಾಗ ಕೊಡಗಳ ಸಾಲಿನಲ್ಲಿ ನಾನು ನಿಂತ ದಿನಗಳನ್ನು ಹೇಳಿದೆ, ಅವರು ಝರಿಯ ಬಾಯಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಪಾಳಿ ಹಿಡಿದದ್ದನ್ನು ಹೇಳಿದರು. ಆ ಹತ್ತು ದಿನಗಳಲ್ಲಿ ನಾವಿಬ್ಬರೂ ಅಕ್ಕತಂಗಿಯರ ಹಾಗೆ ಮಾತನಾಡಿದ್ದು ಅಂದು ಮೊದಲು. ಅವರು ಕ್ನುಪ್ ಎಂಬ ಬಿದಿರು ಮತ್ತು ಎಲೆಯ ಗುರಾಣಿಯಂಥ ಮಳೆಗವಚವನ್ನು ಬೆನ್ನಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ಹೊಲದ ಕೆಲಸ ಮಾಡುವುದನ್ನು ಕಂಡಾಗ, ಕಂಬಳಿಯ ಕೊಪ್ಪೆ ಹಾಕಿಕೊಂಡು ಕುರಿಯ ಹಿಂದೆ ನಿಂತಿರುತ್ತಿದ್ದ ನಮ್ಮೂರಿನವರು ಕಣ್ಣ ಮುಂದೆ ಬಂದರು.

ಮೂರನೆಯದನ್ನು ಹೇಳಲು ಸಭೆಯಲ್ಲಿ ಹಿಂಜರಿದೆ, ಬರೆಯುವಾಗಲೂ ಹಿಂಜರಿಯುತ್ತಿದ್ದೇನೆ. ಆದರೆ ಅದಕ್ಕಾಗಿಯೇ ಈ ಉಪನ್ಯಾಸವನ್ನು ಒಪ್ಪಿಕೊಂಡದ್ದು.

ಖಾಸಿ ಬೆಟ್ಟಗಳಲ್ಲಿ ಎಲ್ಲಿ ಹೋದರೂ ನೆಟ್ಟ ಕಲ್ಲುಗಳು ಕಾಣುತ್ತವೆ. ಮೂರು, ಐದು, ಹೀಗೆ ಸಾಲಾಗಿ ನಿಂತ ಕಲ್ಲುಗಳು, ಅವುಗಳ ಮುಂದೆ ಮಲಗಿಸಿದ ಚಪ್ಪಡಿ. ಚಿತ್ರದುರ್ಗ ಸೀಮೆಯವರಿಗೆ ಇಂಥ ಕಲ್ಲು ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆಯ ಸುತ್ತಮುತ್ತ ಬೃಹತ್ ಶಿಲಾಯುಗದ ಸಮಾಧಿಗಳಿವೆ. ಮಾರ್ಟಿಮರ್ ವ್ಹೀಲರ್ 1947ರಲ್ಲಿ ಅಲ್ಲಿ ಉತ್ಖನನ ಮಾಡಿಸಿದರು. ಶಾಲೆಯ ಮಕ್ಕಳನ್ನು ಅಲ್ಲಿಗೆ ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಯಾರ ಕಲ್ಲು ಇವು ಎಂದು ಮಕ್ಕಳು ಕೇಳಿದರೆ ಎರಡು ಸಾವಿರ ವರ್ಷದ ಹಿಂದಿನವರದು ಎಂದು ಹೇಳಿ ಮುಂದೆ ನಡೆಯುತ್ತಿದ್ದೆ. ಮಾಫ್ಲಾಂಗಿನ ದೇವರ ಕಾಡಿನಲ್ಲಿಯೂ, ಒಂದು ಎಲೆಯನ್ನೂ ಹೊರಗೆ ತರಬಾರದೆಂಬ ಕಟ್ಟಿರುವ ಆ ಕಾಡಿನಲ್ಲಿ, ಅದೇ ಮಾಸ್ತರಿಕೆಯಿಂದ ಕಲ್ಲುಗಳ ಕಾಲ ಯಾವುದಿರಬಹುದು ಎಂದು ಕಾಂಗ್ ಅವರನ್ನು ಕೇಳಿದೆ. ಅವರು ಕಾಲ ಹೇಳಲಿಲ್ಲ, ಸಂಬಂಧ ಹೇಳಿದರು. ಮಲಗಿದ ಕಲ್ಲು ಕುಲದ ಮೂಲ ತಾಯಿಯದು, ಹಿಂದೆ ನಿಂತಿರುವುದು ಅವಳ ಅಣ್ಣತಮ್ಮಂದಿರದು, ಎಂದರೆ ಕುಲಕ್ಕೆ ಸೋದರಮಾವಂದಿರದು. ಮಾವನನ್ನು ನಾವು ಕ್ಞಿ ಎನ್ನುತ್ತೇವೆ, ಎಂದರು. ಮಕ್ಕಳು ತಾಯಿಯ ಕುಲದ ಹೆಸರನ್ನು ಪಡೆಯುವ ಆ ಸಮಾಜದಲ್ಲಿ ಹೆಣ್ಣುಮಕ್ಕಳ ಮನೆಯ ಹಿರಿತನ ತಾಯಿಯ ಸೋದರನದು. ತಂದೆ ಪ್ರೀತಿಯವನು, ಆದರೆ ಬೇರೆ ಕುಲದವನು.

ಸೋದರಮಾವ ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ನೆಲ ಸಿಕ್ಕಿದ ಹಾಗಾಯಿತು. ನಮ್ಮಲ್ಲಿಯೂ ಹಾಗೆಯೇ ಎಂದೆ. ಮದುವಣಗಿತ್ತಿಯ ಕೈ ಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ, ಅಪ್ಪ ಮುನಿದರೆ ನಡುವೆ ಬಂದು ನಿಲ್ಲುವವನು ಅವನು ಎಂದೆಲ್ಲ ಹೇಳಿದೆ. ಅವರ ಮುಖ ಅರಳಿತು. ಅದೇ ಉತ್ಸಾಹದಲ್ಲಿ ಮುಂದುವರಿದು, ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವ ಹಕ್ಕು ಮೊದಲು ಅವನದೇ, ನನ್ನ ತಾಯಿ ಮದುವೆಯಾದದ್ದು ತನ್ನ ಸೋದರಮಾವನನ್ನೇ ಎಂದುಬಿಟ್ಟೆ.

ಅವರು ಸುಮ್ಮನಾದರು. ಆ ಮೌನವನ್ನು ವರ್ಣಿಸಲು ನನ್ನಲ್ಲಿ ಮಾತಿಲ್ಲ. ಮರದ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಕಲ್ಲುಗಳ ಕಡೆಯಿಂದ ಮುಖ ತಿರುಗಿಸಿ ದಾರಿಯ ಕಡೆಗೆ ನಡೆದರು.

ಖಾಸಿಗಳಲ್ಲಿ ಕುಲವನ್ನು ಕುರ್ ಎನ್ನುತ್ತಾರೆ. ಒಂದೇ ಕುರ್‌ನ ಗಂಡುಹೆಣ್ಣು ಕೂಡುವುದು ಅವರ ಎಲ್ಲ ಪಾಪಗಳಲ್ಲಿ ದೊಡ್ಡ ಪಾಪ. ಅದಕ್ಕೆ ಸಾಂಗ್ ಎಂದು ಹೆಸರು. ಅಂಥವರನ್ನು ಕುಲದಿಂದ ಹೊರಗೆ ಹಾಕುತ್ತಿದ್ದರು, ಸತ್ತರೆ ಅವರ ಮೂಳೆಗಳನ್ನು ಕುಲದ ಕಲ್ಲಿನ ಗೂಡಿನಲ್ಲಿ ಇಡುತ್ತಿರಲಿಲ್ಲ. ಇಂದು ಖಾಸಿಗಳಲ್ಲಿ ಹೆಚ್ಚಿನವರು ಕ್ರೈಸ್ತರು, ಕಾಂಗ್ ಅವರೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಆದರೂ ಕುರ್‌ನ ಕಟ್ಟು ಸಡಿಲಾಗಿಲ್ಲ. ತಾಯಿಯ ತಮ್ಮನೂ ತಾಯಿಯ ಮಗಳೂ ಒಂದೇ ಕುರ್. ನಮ್ಮಲ್ಲಿ ಬೆಡಗು, ಎಂದರೆ ಕುಲ, ತಂದೆಯಿಂದ ಬರುವುದರಿಂದ ಅಕ್ಕನ ಮಗಳು ಬೇರೆ ಬೆಡಗಿನವಳು, ತರಬಹುದಾದ ಹೆಣ್ಣು. ಅವರ ಲೆಕ್ಕದಲ್ಲಿ ಅವಳು ಮಗಳಿಗಿಂತ ಹತ್ತಿರ. 1955ರ ಹಿಂದೂ ವಿವಾಹ ಕಾಯ್ದೆ ಸಹ ಸೋದರಮಾವ ಮತ್ತು ಅಕ್ಕನ ಮಗಳ ಸಂಬಂಧವನ್ನು ನಿಷಿದ್ಧಗಳ ಪಟ್ಟಿಯಲ್ಲಿಟ್ಟು, ರೂಢಿಯಿರುವ ಕಡೆಗೆ ವಿನಾಯಿತಿ ಕೊಟ್ಟಿದೆ ಎಂಬುದು ನನಗೆ ಗೊತ್ತಿತ್ತು. ಹತ್ತಿರದ ರಕ್ತಸಂಬಂಧದ ಮದುವೆ ಬೇಡವೆಂದು ವೈದ್ಯರು ಹೇಳುವುದನ್ನು ನಾನೇ ತರಗತಿಯಲ್ಲಿ ಹೇಳಿದ್ದೇನೆ. ಅದೆಲ್ಲ ತಿಳಿವಳಿಕೆಯ ಮಾತು. ಒಬ್ಬ ಮನುಷ್ಯಳ ಕಣ್ಣಿನಲ್ಲಿ ನನ್ನ ತಂದೆ ತಾಯಿಯ ನಲವತ್ತು ವರ್ಷದ ಸಂಸಾರ ಅರೆಗಳಿಗೆಯಲ್ಲಿ ಮಹಾಪಾಪವಾಗಿ ಬದಲಾದದ್ದನ್ನು ಎದುರು ನಿಂತು ಕಂಡದ್ದು ಬೇರೆ. ಅಲ್ಲಿಯವರೆಗೆ ತಬ್ಬಿಬ್ಬಾಗುವುದು ಪ್ರವಾಸಿಯ ಪಾಲು ಎಂದು ನಂಬಿದ್ದೆ. ಅಂದು ಆ ಪಾಲು ಅವರಿಗೆ ಬಂದಿತ್ತು, ತಂದವಳು ನಾನು.

ಎರಡು ದಿನ ನಮ್ಮ ನಡುವೆ ಮಾತು ಕಡಿಮೆಯಾಯಿತು. ಅನ್ನ ಬಡಿಸುವುದರಲ್ಲಿ, ಬಿಸಿನೀರು ಕೊಡುವುದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಮೂರನೆಯ ರಾತ್ರಿ ಒಲೆಯ ಮುಂದೆ ಅವರೇ ಮಾತು ತೆಗೆದರು. ನಿಮ್ಮ ತಾಯಿ ಆ ಮದುವೆಗೆ ಒಪ್ಪಿದ್ದರೇ ಎಂದು ಕೇಳಿದರು. ನಾನು ಉತ್ತರ ಕೊಡಲಾರದೆ ಹೋದೆ, ಏಕೆಂದರೆ ಆ ಪ್ರಶ್ನೆಯನ್ನು ನಾನು ನನ್ನ ತಾಯಿಗೆ ಎಂದೂ ಕೇಳಿರಲಿಲ್ಲ. ಹೊಲ ಒಡೆಯಬಾರದು, ಹೆಣ್ಣು ಕೈಬಿಟ್ಟು ಹೋಗಬಾರದು ಎಂದು ಹಿರಿಯರು ಮಾಡಿದ್ದು ಎಂದಷ್ಟೇ ಹೇಳಿದೆ. ಹೊಲದ ಮಾತು ಬಂದದ್ದರಿಂದ ನನ್ನ ಕಥೆಯೂ ಹೊರಗೆ ಬಂದಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿ ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, 2005ರಲ್ಲಿ ಅದು ಮದುವೆಯಾದವರಿಗೂ ಸೇರಿ ದೇಶಕ್ಕೆಲ್ಲ ಬಂದಿತು. ನನ್ನ ತಂದೆ ತೀರಿಕೊಂಡ ಮೇಲೆ ನಾನು ಉಪನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದೆ. ಅಣ್ಣ ಸೀರೆ ಕೊಡಿಸಿದ, ಅತ್ತಿಗೆ ಅರಿಶಿಣ ಕುಂಕುಮ ಕೊಟ್ಟರು. ಯಾರೂ ಬಲವಂತ ಮಾಡಲಿಲ್ಲ. ಪಾಲು ಕೇಳಿದರೆ ತವರು ತಪ್ಪುತ್ತದೆ ಎಂಬುದನ್ನು ಯಾರೂ ಬಾಯಲ್ಲಿ ಹೇಳಬೇಕಾಗಿರಲಿಲ್ಲ.

ಕಾಂಗ್ ಆ ಮನೆಯ ಖತ್‌ದುಹ್, ಎಂದರೆ ಕಿರಿಯ ಮಗಳು. ಖಾಸಿಗಳಲ್ಲಿ ಹಿರಿಯರ ಮನೆ, ಆಸ್ತಿ ಅವಳಿಗೆ ಬರುತ್ತದೆ; ಗಂಡನಾದವನು ಅವಳ ಮನೆಗೆ ಬಂದು ಇರುತ್ತಾನೆ. ಇದನ್ನು ಕೇಳಿ ನಾನು, ನೀವು ಭಾಗ್ಯವಂತರು ಎಂದೆ. ಅವರು ಒಪ್ಪಲಿಲ್ಲ. ನರ್ಸಿಂಗ್ ಓದಲು ದಕ್ಷಿಣಕ್ಕೆ ಬರಬೇಕೆಂಬ ಆಸೆ ಅವರಿಗಿತ್ತಂತೆ. ಅಕ್ಕಂದಿರು ಹೋದರು, ಇವರು ಹೋಗಲಿಲ್ಲ. ತಂದೆ ತಾಯಿಯನ್ನು ನೋಡಿಕೊಳ್ಳಬೇಕು, ಮದುವೆಯಾಗದ ಅಣ್ಣನಿಗೂ ಸಂಸಾರ ಮುರಿದು ಬಂದ ಅಕ್ಕನಿಗೂ ಬಾಗಿಲು ತೆರೆದಿಡಬೇಕು, ಸಾವಿನ ಕಾರ್ಯಗಳನ್ನು ನಡೆಸಬೇಕು. ಆಸ್ತಿ ಹೆಸರಿಗೆ ಇದೆ, ಸೋದರಮಾವಂದಿರನ್ನು ಕೇಳದೆ ಒಂದು ಮೂಲೆಯನ್ನೂ ಮಾರುವಂತಿಲ್ಲ. ಊರಿನ ದರ್ಬಾರಿನಲ್ಲಿ ಕೂತು ತೀರ್ಮಾನ ಮಾಡುತ್ತ ಬಂದವರು ಪರಂಪರೆಯಿಂದ ಗಂಡಸರೇ. ಹೇಂಟೆ ಕೂಗಿದರೆ ಲೋಕ ಮುಗಿಯಿತು ಎಂಬ ಅರ್ಥದ ಗಾದೆಯೂ ಖಾಸಿಯಲ್ಲಿದೆ. ಮಾತೃವಂಶ ಎಂದೊಡನೆ ಹೆಣ್ಣಿನ ರಾಜ್ಯ ಎಂದು ಭಾವಿಸಿ ಹೋಗುವ ನಮ್ಮಂಥವರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಹಾಗೆಂದು ಎರಡೂ ಒಂದೇ ಎಂದು ನಾನು ಹೇಳಲಾರೆ. ಅವರ ಬೆನ್ನ ಮೇಲೆ ಮನೆಯ ಭಾರವಿತ್ತು. ನನಗೆ ಭಾರವಿರಲಿಲ್ಲ, ಮನೆಯೂ ಇರಲಿಲ್ಲ.

ಹೊರಡುವ ದಿನ ಕಾಂಗ್ ದಾರಿಗೆಂದು ಕ್ವಾಯ್ ಕಟ್ಟಿಕೊಟ್ಟರು. ಖುಬ್ಲೇ ಎಂದರು, ದೇವರು ಒಳ್ಳೆಯದು ಮಾಡಲಿ ಎಂದು ಅದರ ಅರ್ಥ, ಬಂದಾಗಲೂ ಹೋಗುವಾಗಲೂ ಉಪಕಾರ ನೆನೆಯುವಾಗಲೂ ಅದೊಂದೇ ಮಾತು.

ಊರಿಗೆ ಬಂದ ವಾರದಲ್ಲಿ ಚಳ್ಳಕೆರೆ ಕಡೆಯ ನಮ್ಮ ಊರಿಗೆ ಹೋಗಿ ತಾಯಿಯ ಜೊತೆ ಎರಡು ದಿನ ಇದ್ದೆ. ಅವರಿಗೆ ಎಂಬತ್ತು ದಾಟಿದೆ. ನೋಡಿದ್ದನ್ನೆಲ್ಲ ಹೇಳಿದೆ, ಮಳೆಯನ್ನು ಎರಡು ಸಲ ಹೇಳಿಸಿಕೊಂಡರು. ಕಲ್ಲುಗಳ ವಿಷಯ, ಮಾವನ ವಿಷಯ ಬಂದಾಗ ನಾನು ತಡವರಿಸಿದೆ, ಆದರೂ ಮುಚ್ಚಿಡದೆ ಹೇಳಿದೆ. ನೀನು ಒಪ್ಪಿದ್ದೆಯಾ ಅವ್ವ ಎಂದು ಕೇಳಬೇಕೆಂದೇ ಹೋಗಿದ್ದವಳು ನಾನು, ನಾಲಿಗೆ ಏಳಲಿಲ್ಲ. ಅವರು ಬಹಳ ಹೊತ್ತು ಬಾಗಿಲ ಹೊರಗೆ ನೋಡುತ್ತ ಕೂತಿದ್ದರು.

‘ಹಂಗಾದ್ರೆ ಅವ್ರು ತೌರುಮನೆಗೆ ಏನಂತಾರಮ್ಮ?’ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅಂದೇ ಸಂಜೆ ಶಿಷ್ಯೆಗೆ ಫೋನ್ ಮಾಡಿ, ಕಾಂಗ್ ಅವರನ್ನು ಕೇಳಿ ಹೇಳು ಎಂದೆ. ತವರು ಎಂದರೆ ಏನು ಎಂಬುದನ್ನು ಅವರಿಗೆ ವಿವರಿಸುವುದಕ್ಕೇ ಆಕೆಗೆ ಸಾಕಷ್ಟು ಹೊತ್ತು ಹಿಡಿಯಿತಂತೆ. ಉತ್ತರ ಮಾರನೆಯ ದಿನ ಬಂತು. ಅದಕ್ಕೆಂದು ಬೇರೆ ಮಾತಿಲ್ಲವಂತೆ. ಈಂಗ್, ಎಂದರೆ ಮನೆ.

ತಾಯಿಗೆ ಹೇಳಿದೆ. ಈಂಗ್ ಎಂದು ಅವರು ಒಂದು ಸಲ ಅಂದರು. ಆಮೇಲೆ ಕುಟ್ಟಾಣಿಯನ್ನು ನನ್ನ ಕಡೆಗೆ ಸರಿಸಿ, ಒಂದು ಅಡಿಕೆ ಕುಟ್ಟಿಕೊಡು ಎಂದರು.